ಮೂರು ವರ್ಷದ ಭಾನುವಾರಗಳು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಮಕ್ಕಳಿದ್ದರೆ ರೇಡಿಯೋ ಹತ್ತಿರ ಕೂರಿಸಿಕೊಳ್ಳಿ. ಕಾಗದ, ಪೆನ್ಸಿಲ್ ಸಾಕು. ಮೊಬೈಲ್ ಆಚೆ ಇಡಿ.

23ನ್ನು 89ರಿಂದ ಗುಣಿಸಿ. 2047 ಬಂತು, ಅಲ್ವಾ? ಅರ್ಧ ನಿಮಿಷದ ಕೆಲಸ. ಆದರೆ ನಾನು ಬರೀ 2047 ಅಂತ ಹೇಳಿ, ಇದು ಯಾವ ಎರಡು ಸಂಖ್ಯೆ ಗುಣಿಸಿದರೆ ಬರುತ್ತದೆ ಅಂತ ಕೇಳಿದ್ದರೆ? 3ರಿಂದ ಹೋಗುವುದಿಲ್ಲ. 7ರಿಂದ ಹೋಗುವುದಿಲ್ಲ. 11, 13, 17, 19, ಯಾವುದರಿಂದಲೂ ಇಲ್ಲ. ಬೆವರು ಬರುತ್ತದೆ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ನಾನು ಇವತ್ತು ಬಂದಿರುವುದೇ ಈ ಒಂದು ಮಾತು ಹೇಳಲಿಕ್ಕೆ.

ಹನ್ನೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಈ 2047 ಸಿಗುತ್ತದೆ. ಹನ್ನೊಂದರ ಬದಲು 67 ಎರಡುಗಳನ್ನು ತೆಗೆದುಕೊಳ್ಳಿ. ಆಗ 21 ಅಂಕಿಯ ಸಂಖ್ಯೆ ಬರುತ್ತದೆ. ನಿಧಾನವಾಗಿ ಓದುತ್ತೇನೆ, ಬರೆದುಕೊಳ್ಳಿ: 147 573 952 589 676 412 927.

1644ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಕ್ರೈಸ್ತ ಸನ್ಯಾಸಿ ಇದು ಅವಿಭಾಜ್ಯ ಸಂಖ್ಯೆ ಎಂದರು. ಅಂದರೆ ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷ ಉಳಿಯದ ಹಾಗೆ ಭಾಗವಾಗುವುದಿಲ್ಲ ಅಂತ. 1876ರಲ್ಲಿ ಲೂಕಾ ಎಂಬ ಗಣಿತಜ್ಞರು ಇಲ್ಲ, ಇದು ಒಡೆಯುತ್ತದೆ ಎಂದು ಸಾಧಿಸಿದರು. ಹೇಗೆ ಒಡೆಯುತ್ತದೆ ಅಂತ ಮಾತ್ರ ಅವರಿಗೂ ಸಿಗಲಿಲ್ಲ. ಒಳಗೆ ಬೀಜ ಇದೆ ಅಂತ ಗೊತ್ತು, ಕಾಯಿ ಒಡೆಯುತ್ತಿಲ್ಲ.

ಈಗ ನನಗೆ ಬಹಳ ಪ್ರೀತಿಯ ಕತೆ. 1903ರ ಅಕ್ಟೋಬರ್, ನ್ಯೂಯಾರ್ಕ್. ಗಣಿತದವರ ಸಭೆ. ಫ್ರಾಂಕ್ ನೆಲ್ಸನ್ ಕೋಲ್ ಮಾತಾಡಬೇಕಿತ್ತು. ಅವರು ಎದ್ದು ಹೋಗಿ, ಒಂದೂ ಮಾತಾಡದೆ ಸೀಮೆಸುಣ್ಣ ಹಿಡಿದರಂತೆ. ಹಲಗೆಯ ಒಂದು ಕಡೆ ಎರಡನ್ನು ಇಮ್ಮಡಿ ಮಾಡುತ್ತಾ 67 ಎರಡುಗಳ ತನಕ ಹೋಗಿ, ಒಂದು ಕಳೆದರು. ಇನ್ನೊಂದು ಕಡೆ ಎರಡು ಸಂಖ್ಯೆ ಬರೆದರು: 193 707 721 ಮತ್ತು 761 838 257 287. ನಾವು ಶಾಲೆಯಲ್ಲಿ ಮಾಡುತ್ತಿದ್ದೆವಲ್ಲ, ಸಾಲಿನ ಕೆಳಗೆ ಸಾಲು, ಹಾಗೇ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ! ಸುಮ್ನೆ ಹೋಗಿ ತಮ್ಮ ಜಾಗದಲ್ಲಿ ಕೂತರಂತೆ. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ದಿನ ಹಿಡಿಯಿತು ಅಂತ ಆಮೇಲೆ ಕೇಳಿದವರಿಗೆ, ‘ಮೂರು ವರ್ಷದ ಭಾನುವಾರಗಳು’ ಅಂದರಂತೆ.

ನೋಡಿ, ಹಲಗೆಯ ಮೇಲೆ ಗುಣಿಸಲಿಕ್ಕೆ ಒಂದು ಸಭೆಯ ಹೊತ್ತು ಸಾಕಾಯಿತು. ಒಡೆಯಲಿಕ್ಕೆ ಮೂರು ವರ್ಷ.

ಇದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಗುಟ್ಟಿನ ಸಂದೇಶಗಳಿಗೆ ಬೀಗ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಉತ್ತರವನ್ನು ಊರಿಗೆಲ್ಲ ಹೇಳಬಹುದು. ಒಡೆಯಲಿಕ್ಕೆ ಬಾರದವರಿಗೆ ಬೀಗ ತೆಗೆಯಲಿಕ್ಕೂ ಬಾರದು. ಇಂಟರ್‌ನೆಟ್ಟಿನಲ್ಲಿ ಇಂಥ ಬೀಗಕ್ಕೆ 617 ಅಂಕಿಯ ಸಂಖ್ಯೆ ಬಳಸುತ್ತಾರೆ. ಕೋಲ್ ಅವರದು ಬರೀ 21.

ಮಕ್ಕಳೇ, ನಿಮಗೆ 8633 ಕೊಟ್ಟು ಹೋಗುತ್ತೇನೆ. ಎರಡು ಅವಿಭಾಜ್ಯಗಳಿಂದ ಆದದ್ದು. ಕ್ಯಾಲ್ಕುಲೇಟರ್ ಮುಟ್ಟಬೇಡಿ. ಭಾನುವಾರದ ತನಕ ಸಮಯ ಇದೆ.

ನಮಸ್ಕಾರ.