ಹಳೇ ಹೆಡ್ ಬೋಲ್ಟ್ ಮತ್ತೆ ಹಾಕಬಹುದಾ? ಹೆಡ್ ಗ್ಯಾಸ್ಕೆಟ್ ಯಾವುದು ತರಬೇಕು?

[ದೃಶ್ಯ: ಮೇಜಿನ ಮೇಲೆ ಸಾಲಾಗಿ ಹತ್ತು ಹೆಡ್ ಬೋಲ್ಟ್‌ಗಳು. ಪಕ್ಕದಲ್ಲಿ ಕಪ್ಪಾದ ಹಳೇ ಗ್ಯಾಸ್ಕೆಟ್.]

ನಮಸ್ಕಾರ. ನಿಮ್ಮ ಕಾರಿನ ಹೆಡ್, ಅಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಿದ್ದಾರೆ. ಗ್ಯಾರೇಜಿನಿಂದ ಫೋನ್ ಬರುತ್ತದೆ. "ಸಾರ್, ಬೋಲ್ಟ್ ಎಲ್ಲಾ ಚೆನ್ನಾಗಿವೆ, ಅವನ್ನೇ ಹಾಕಿಬಿಡ್ತೀವಿ. ಗ್ಯಾಸ್ಕೆಟ್ ಮಾತ್ರ ಹೊಸದು ತರಿಸೋಣ." ಈ ಮಾತಿಗೆ ಹೂಂ ಅನ್ನಬೇಕಾ, ಬೇಡವಾ? ಇವತ್ತು ಅದನ್ನೇ ನೋಡೋಣ.

ಮೊದಲೇ ಹೇಳಿಬಿಡುತ್ತೇನೆ. ಬೋಲ್ಟ್ ಚೆನ್ನಾಗಿದೆಯಾ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಎಂಜಿನ್ನಿನ ರಿಪೇರಿ ಪುಸ್ತಕ ಹೇಳಬೇಕು, ಇಲ್ಲವೇ ಅಳೆದು ತೋರಿಸುವ ವರ್ನಿಯರ್ ಹೇಳಬೇಕು.

ಉದಾಹರಣೆಗೆ ಒಂದು ಎಂಜಿನ್ ಇಟ್ಟುಕೊಳ್ಳೋಣ. ಫೋಕ್ಸ್‌ವ್ಯಾಗನ್‌ನ 1.9 ಲೀಟರಿನ ಟಿಡಿಐ ಡೀಸೆಲ್ ಎಂಜಿನ್, 90 ಕುದುರೆ ಶಕ್ತಿಯದ್ದು. 2001ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾದಲ್ಲಿ ಇದ್ದದ್ದು ಇದೇ. ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿದೆ. ಸಿಲಿಂಡರುಗಳಿರುವ ಕೆಳಭಾಗ, ಅಂದರೆ ಬ್ಲಾಕ್, ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ನಡುವೆ ಸೋರದಂತೆ ತಡೆಯುವ ಒಂದು ತೆಳು ಗ್ಯಾಸ್ಕೆಟ್. ಎಲ್ಲವನ್ನೂ ಹಿಡಿದಿರುವುದು 10 ಬೋಲ್ಟ್.

ಎಷ್ಟು ಬಲವನ್ನು ಹಿಡಿಯಬೇಕು ಗೊತ್ತಾ? ಈ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 79.5 ಮಿ.ಮೀ. ಅಂದರೆ ಒಂದು ಸಿಲಿಂಡರಿನ ಬಾಯಿ ಸುಮಾರು 50 ಚದರ ಸೆಂ.ಮೀ. ಡೀಸೆಲ್ ಹೊತ್ತಿಕೊಂಡಾಗ ಒಳಗಿನ ಒತ್ತಡ 130 ಬಾರ್ ಅಂತ ಹಿಡಿದರೂ, ಆ ಒಂದೇ ಸಿಲಿಂಡರ್ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 6.5 ಟನ್. 3000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ. ಅಷ್ಟು ಸಲ ತಳ್ಳಿದರೂ ಹೆಡ್ ಮಿಸುಕಬಾರದು.

ಇನ್ನೊಂದು ಕಷ್ಟ ಬಿಸಿಯದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಹೆಡ್ ಎಂದುಕೊಳ್ಳಿ. 20 ಡಿಗ್ರಿಯಿಂದ 100 ಡಿಗ್ರಿಗೆ ಏರುವಾಗ ಅದು ತನ್ನ ಕೆಳಗಿನ ಬ್ಲಾಕಿಗಿಂತ ಸುಮಾರು 0.35 ಮಿ.ಮೀ. ಜಾಸ್ತಿ ಉದ್ದವಾಗಲು ನೋಡುತ್ತದೆ. ಎತ್ತರದಲ್ಲೂ ಹಿಗ್ಗುತ್ತದೆ, ಬೋಲ್ಟನ್ನು ಎಳೆಯುತ್ತದೆ. ತಣ್ಣಗಾದಾಗ ಬಿಡುತ್ತದೆ. ಪ್ರತಿದಿನ ಇದೇ ಎಳೆದಾಟ.

[ದೃಶ್ಯ: ಬೋಲ್ಟ್ ಹಿಗ್ಗುವುದನ್ನು ತೋರಿಸುವ ರೇಖಾಚಿತ್ರ. ಮೊದಲು ನೇರ ಗೆರೆ, ಆಮೇಲೆ ಬಾಗಿ ಮಟ್ಟಸವಾದ ಗೆರೆ.]

ಅದಕ್ಕೇ ಹೆಡ್ ಬೋಲ್ಟ್ ಬರೀ ಎರಡು ತುಂಡನ್ನು ಜೋಡಿಸುವ ಸಾಮಾನು ಅಲ್ಲ. ಅದೊಂದು ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಉದ್ದವಾಗುತ್ತದೆ. ಮತ್ತೆ ಗಿಡ್ಡ ಆಗಲು ನೋಡುತ್ತದೆ. ಆ ಎಳೆತವೇ ಹೆಡ್ಡನ್ನು ಒತ್ತಿ ಹಿಡಿಯುವುದು. ಹೆಡ್ ಬೋಲ್ಟ್ ಅಷ್ಟು ಉದ್ದ, ಸಪೂರ ಇರುವುದೂ ಇದಕ್ಕೇ. ಮೋಟು ಬೋಲ್ಟ್ ಹಿಗ್ಗುವುದು ಕಡಿಮೆ. ಗ್ಯಾಸ್ಕೆಟ್ ಕೂದಲೆಳೆಯಷ್ಟು ಕೂತರೂ ಅದರ ಹಿಡಿತ ಬಿದ್ದುಹೋಗುತ್ತದೆ.

ಈಗ ಬೋಲ್ಟಿನ ಎರಡು ಜಾತಿ ನೋಡೋಣ. ಹೊಸ ಚಡ್ಡಿಯ ಎಲಾಸ್ಟಿಕ್ ಎಳೆದು ಬಿಟ್ಟರೆ ಮೊದಲಿನಂತೆ ಆಗುತ್ತದೆ. ಒಂದು ಮಿತಿ ದಾಟಿ ಎಳೆದರೆ ಸ್ವಲ್ಪ ಉದ್ದವಾಗಿಯೇ ಉಳಿದುಬಿಡುತ್ತದೆ. ಬೋಲ್ಟಿನ ಉಕ್ಕೂ ಹಾಗೆಯೇ. ಹಳೇ ಕಾಲದ ಎಂಜಿನ್‌ಗಳಲ್ಲಿ, ಮಾರುತಿ 800 ತರಹದವುಗಳಲ್ಲಿ, ಬೋಲ್ಟನ್ನು ಆ ಮಿತಿಯ ಒಳಗೇ ಬಿಗಿ ಮಾಡುತ್ತಾರೆ. ಬರೀ ಟಾರ್ಕ್ ರಿಂಚ್, ಅಂದರೆ ತಿರುಗಿಸುವ ಬಲ ತೋರಿಸುವ ಪಾನಾ, ಸಾಕು. ಅಂಥ ಬೋಲ್ಟನ್ನು ಥ್ರೆಡ್ ಚೆನ್ನಾಗಿದ್ದು, ತುಕ್ಕು ಗುಂಡಿ ಬಿದ್ದಿರದಿದ್ದರೆ, ಮತ್ತೆ ಹಾಕಬಹುದು. ಧೈರ್ಯವಾಗಿ ಹಾಕಿ.

ಎರಡನೇ ಜಾತಿಯನ್ನು ಬೇಕೆಂದೇ ಆ ಮಿತಿ ದಾಟಿಸಿ ಬಿಗಿ ಮಾಡುತ್ತಾರೆ. ಮೊದಲು ಟಾರ್ಕ್, ಆಮೇಲೆ ಡಿಗ್ರಿ ಲೆಕ್ಕ. ನಮ್ಮ ಟಿಡಿಐಗೆ ಮೊದಲು 40 ನ್ಯೂಟನ್ ಮೀಟರ್, ನಂತರ 60, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ. ರಿಪೇರಿ ಪುಸ್ತಕದಲ್ಲಿ ಡಿಗ್ರಿ ಕಂಡರೆ ಎಚ್ಚರ ಮಾಡಿಕೊಳ್ಳಿ. ಅದು ಈ ಎರಡನೇ ಜಾತಿಯ, ಹಿಗ್ಗುವ ಬೋಲ್ಟ್ ಆಗಿರುವ ಸಾಧ್ಯತೆ ಜಾಸ್ತಿ.

ಡಿಗ್ರಿ ಯಾಕೆ? ಟಾರ್ಕ್ ರಿಂಚ್ ತೋರಿಸುವ ಅಂಕಿಯಲ್ಲಿ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ. ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗೆ, ಇನ್ನೊಂದು ದೊಡ್ಡ ಪಾಲು ಥ್ರೆಡ್‌ನಲ್ಲಿ. ಬೋಲ್ಟನ್ನು ನಿಜವಾಗಿ ಹಿಗ್ಗಿಸಲು ಸಿಗುವುದು ಸುಮಾರು ನೂರಕ್ಕೆ 10 ಭಾಗ ಮಾತ್ರ. ಒಂದು ಬೋಲ್ಟಿನ ಥ್ರೆಡ್ ಒಣಗಿದ್ದು, ಪಕ್ಕದ್ದಕ್ಕೆ ಎಣ್ಣೆ ಹಚ್ಚಿದ್ದರೆ ರಿಂಚ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಹಿಡಿತ ಮಾತ್ರ ಬೇರೆ ಬೇರೆ. ಡಿಗ್ರಿ ಲೆಕ್ಕದಲ್ಲಿ ಈ ಮೋಸ ಬಹಳ ಕಡಿಮೆ. ಒಂದು ಸುತ್ತಿಗೆ 1.75 ಮಿ.ಮೀ. ಇಳಿಯುವ, 12 ಮಿ.ಮೀ. ದಪ್ಪದ (ಎಂ12) ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದರೆ ಅದು 0.87 ಮಿ.ಮೀ. ಇಳಿಯಲೇಬೇಕು. ಎಣ್ಣೆ ಇರಲಿ ಬಿಡಲಿ. ಜೊತೆಗೆ, ಮಿತಿ ದಾಟಿದ ಮೇಲೆ ಬೋಲ್ಟಿನ ಎಳೆತ ಹೆಚ್ಚು ಏರುವುದಿಲ್ಲ. ಹಾಗಾಗಿ ಹತ್ತೂ ಬೋಲ್ಟ್ ಹತ್ತಿರ ಹತ್ತಿರ ಒಂದೇ ಬಲದಲ್ಲಿ ಒತ್ತುತ್ತವೆ. ಗ್ಯಾಸ್ಕೆಟ್‌ಗೆ ಬೇಕಾದದ್ದು ಅದೇ ಅಲ್ವಾ?

ಇದರ ಬೆಲೆ ಏನೆಂದರೆ ಬೋಲ್ಟ್ ಒಂದು ಸಲಕ್ಕೆ ಸ್ವಲ್ಪ ಉದ್ದವಾಗಿ ಉಳಿಯುತ್ತದೆ. ಅದನ್ನೇ ಮತ್ತೆ ಹಾಕಿದರೆ ಕೂಡಲೇ ಮುರಿಯುತ್ತದೆ ಅಂತಲ್ಲ. ಅದಕ್ಕೇ ಎಷ್ಟೋ ಜನ "ನಾವು ಹಾಕಿದ್ದೀವಿ, ಏನೂ ಆಗಿಲ್ಲ" ಅನ್ನುವುದು, ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ಪ್ರತಿ ಸಲ 180 ಡಿಗ್ರಿ ತಿರುಗಿಸಿದಾಗ ಇನ್ನಷ್ಟು ಹಿಗ್ಗುತ್ತದೆ. ಒಂದು ಹಂತದಲ್ಲಿ ಒಂದು ಕಡೆ ಸಪೂರವಾಗಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಎಳೆತ ಆ ಸಪೂರ ಜಾಗದ ಮೇಲೇ. ಕೊನೆಯ 90 ಡಿಗ್ರಿಯಲ್ಲಿ ರಿಂಚ್ ದಿಢೀರನೆ ಹಗುರವಾಯಿತು ಅಂದರೆ ಮುಗಿಯಿತು. ಮುರಿದ ತುಂಡು ಬ್ಲಾಕಿನ ಆಳದಲ್ಲಿ. ಅದನ್ನು ತೆಗೆಯುವ ಖರ್ಚಿನ ಮುಂದೆ ಹೊಸ ಸೆಟ್ ಬೋಲ್ಟಿನ ಬೆಲೆ ಏನೂ ಅಲ್ಲ. ಈ ಎಂಜಿನ್ನಿಗೆ ಕಂಪನಿ ಹೇಳುವುದು ನೇರವಾಗಿಯೇ ಇದೆ: ಪ್ರತಿ ಸಲ ಹೊಸ ಬೋಲ್ಟ್.

ಎಲ್ಲ ಕಂಪನಿಗಳೂ ಹೀಗೆ ಹೇಳುವುದಿಲ್ಲ. ಟೊಯೋಟಾ ತನ್ನ ಅನೇಕ ಎಂಜಿನ್‌ಗಳ ಹಿಗ್ಗುವ ಬೋಲ್ಟಿಗೂ ಅಳತೆಯ ಮಿತಿ ಕೊಟ್ಟಿದೆ. ಕೆಲವಕ್ಕೆ ಉದ್ದ, ಕೆಲವಕ್ಕೆ ಥ್ರೆಡ್ಡಿನ ಸಪೂರ ಜಾಗದ ವ್ಯಾಸ. ಮಿತಿಯ ಒಳಗಿದ್ದರೆ ಮತ್ತೆ ಹಾಕಿ, ದಾಟಿದ್ದರೆ ಬಿಸಾಡಿ. ಪುಸ್ತಕದಲ್ಲಿ ಅಳತೆ ಕೊಟ್ಟಿದ್ದರೆ ಅಳೆಯಿರಿ. ಅಳತೆಯೂ ಸಿಗಲಿಲ್ಲ, ಬೋಲ್ಟ್ ಹಿಂದೆ ಎಷ್ಟು ಸಲ ಬಿಚ್ಚಿದ್ದಾರೋ ಗೊತ್ತಿಲ್ಲ ಅಂದರೆ ಹೊಸದು ತನ್ನಿ. ತಂದರೆ ಪೂರ್ತಿ ಸೆಟ್ ತನ್ನಿ. ಆರು ಹಳೇದು ನಾಲ್ಕು ಹೊಸದು ಮಾಡಿದರೆ ಹಿಡಿತ ಏರುಪೇರಾಗುತ್ತದೆ.

[ದೃಶ್ಯ: ಬ್ಲಾಕಿನ ಬೋಲ್ಟ್ ತೂತಿಗೆ ಗಾಳಿ ಹೊಡೆಯುತ್ತಿರುವುದು. ಎಣ್ಣೆ, ನೀರು ಮೇಲಕ್ಕೆ ಚಿಮ್ಮುತ್ತದೆ.]

ಬೋಲ್ಟ್ ಹೊಸದಾದರೆ ಸಾಲದು, ತೂತೂ ಶುದ್ಧ ಇರಬೇಕು. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಅದನ್ನು ಕೆಳಗೆ ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ. ರಿಂಚ್ ಟಿಕ್ ಅನ್ನುತ್ತದೆ, ಹೆಡ್ ಮಾತ್ರ ಕೂತಿರುವುದಿಲ್ಲ. ಬ್ಲಾಕೇ ಬಿರುಕು ಬಿಟ್ಟ ಉದಾಹರಣೆಗಳಿವೆ. ಥ್ರೆಡ್ ಶುದ್ಧ ಮಾಡಲು ಕೊರೆಯುವ ಟ್ಯಾಪ್ ಬೇಡ, ಅದು ಲೋಹವನ್ನೂ ಕೆರೆದು ತೆಗೆಯುತ್ತದೆ. ಒಂದು ಹಳೇ ಹೆಡ್ ಬೋಲ್ಟಿನ ಥ್ರೆಡ್‌ಗೆ ಉದ್ದಕ್ಕೆ ಎರಡು ಮೂರು ಸೀಳು ಹಾಕಿಸಿ, ಕೈಯಲ್ಲೇ ತಿರುಗಿಸಿ. ಕಸ ಆ ಸೀಳಿಗೆ ಬರುತ್ತದೆ. ಆಮೇಲೆ ಗಾಳಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಈಗ ಗ್ಯಾಸ್ಕೆಟ್. ಅಂಗಡಿಗೆ ಹೋಗಿ "ಆಕ್ಟೇವಿಯಾ ಡೀಸೆಲ್ ಹೆಡ್ ಗ್ಯಾಸ್ಕೆಟ್ ಕೊಡಿ" ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆ ಅಂಗಡಿಯವರು ತಿರುಗಿ ಒಂದು ಪ್ರಶ್ನೆ ಕೇಳಬೇಕು: ಎಷ್ಟು ತೂತಿನದ್ದು?

[ದೃಶ್ಯ: ಗ್ಯಾಸ್ಕೆಟ್ ಅಂಚಿನಲ್ಲಿ ಸಣ್ಣ ತೂತುಗಳ ಹತ್ತಿರದ ನೋಟ.]

ಈ ಎಂಜಿನ್ನಿಗೆ ಮೂರು ದಪ್ಪದ ಗ್ಯಾಸ್ಕೆಟ್ ಬರುತ್ತವೆ. ಅಂಚಿನಲ್ಲಿರುವ ಸಣ್ಣ ತೂತುಗಳೇ ಗುರುತು. ಒಂದು ತೂತು ಅಂದರೆ ತೆಳು, ಮೂರು ಅಂದರೆ ದಪ್ಪ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ ಸ್ವಲ್ಪ ಎದ್ದು ನಿಲ್ಲುತ್ತದೆ. ಎಷ್ಟು ಎದ್ದಿದೆ ಅಂತ ಡಯಲ್ ಗೇಜ್ ಇಟ್ಟು ನಾಲ್ಕೂ ಪಿಸ್ಟನ್ ಅಳೆಯಬೇಕು. ಸರಾಸರಿ ಅಲ್ಲ, ಎಲ್ಲಕ್ಕಿಂತ ಜಾಸ್ತಿ ಎದ್ದಿರುವ ಪಿಸ್ಟನ್ನಿನ ಅಳತೆ ಹಿಡಿಯಬೇಕು. ಅದು 0.91ರಿಂದ 1.00 ಮಿ.ಮೀ. ಇದ್ದರೆ ಒಂದು ತೂತು. 1.01ರಿಂದ 1.10 ಇದ್ದರೆ ಎರಡು. 1.11ರಿಂದ 1.20 ಇದ್ದರೆ ಮೂರು.

ದಪ್ಪದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರೀ 0.08 ಮಿ.ಮೀ. ಅಷ್ಟರಲ್ಲಿ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ. ಈ ಎಂಜಿನ್ನಿನ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತಿ ಕುಗ್ಗಿಸುತ್ತದೆ ಅನ್ನುವುದು, 19.5ಕ್ಕೆ 1. ಒಂದು ಸಿಲಿಂಡರ್ 474 ಸಿಸಿ. ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 25.6 ಸಿಸಿ. ಇಷ್ಟು ಚಿಕ್ಕ ಜಾಗಕ್ಕೆ 0.08 ಮಿ.ಮೀ. ದಪ್ಪ ಸೇರಿದರೆ 0.4 ಸಿಸಿ ಹೆಚ್ಚುತ್ತದೆ. ಕಂಪ್ರೆಷನ್ 19.2ಕ್ಕೆ ಇಳಿಯುತ್ತದೆ. ಎರಡು ಹೆಜ್ಜೆ ದಪ್ಪ ಹಾಕಿದರೆ 19ಕ್ಕಿಂತ ಕೆಳಗೆ. ಎಂಜಿನ್ ಓಡುತ್ತದೆ, ಆದರೆ ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡುವುದು ಕಷ್ಟವಾಗಬಹುದು. ತಪ್ಪು ಉಲ್ಟಾ ಆಗಿ ತೆಳು ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್ನಿಗೂ ವಾಲ್ವಿಗೂ ಇರುವ ಸಂದು ಕಡಿಮೆಯಾಗುತ್ತದೆ. ಅದು ಇನ್ನೂ ಅಪಾಯ.

ಬ್ಲಾಕ್ ಫೇಸಿಂಗ್ (ಮೇಲ್ಮೈಯನ್ನು ಮಷೀನಿನಲ್ಲಿ ಹೆರೆದು ಸಮ ಮಾಡುವುದು) ಮಾಡಿಲ್ಲ, ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಯಾವುದನ್ನೂ ಬದಲಾಯಿಸಿಲ್ಲ ಅಂದರೆ ಹಳೇ ಗ್ಯಾಸ್ಕೆಟ್ಟಿನ ತೂತು ಎಣಿಸಿ ಅದನ್ನೇ ತರಬಹುದು. ಆದರೆ ಹಿಂದೆ ಹಾಕಿದವರು ಸರಿಯಾದ್ದನ್ನೇ ಹಾಕಿದ್ದರು ಅಂತ ಖಾತರಿ ಬೇಕಲ್ಲ. ಹೆಡ್ ಹೇಗೂ ಇಳಿದಿದೆ. ಸುಮ್ನೆ ಒಂದು ಸಲ ಅಳೆದುಬಿಡುವುದೇ ವಾಸಿ.

ಗ್ಯಾಸ್ಕೆಟ್ ಯಾವ ವಸ್ತುವಿನದ್ದು ಅನ್ನುವುದೂ ಮುಖ್ಯ. ಹಳೇ ಎಂಜಿನ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಈಗ ಆ ಜಾಗಕ್ಕೆ ಗ್ರ್ಯಾಫೈಟಿನಂಥವು ಬಂದಿವೆ. ಅವು ಮೆತ್ತಗಿವೆ, ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತವೆ. ಹೊಸ ಎಂಜಿನ್‌ಗಳಲ್ಲಿ ಬರುವುದು ಪದರ ಪದರ ಉಕ್ಕಿನ ಗ್ಯಾಸ್ಕೆಟ್. ತೆಳು ಸ್ಟೀಲ್ ಹಾಳೆಗಳು, ಸಿಲಿಂಡರ್ ಸುತ್ತ ಉಬ್ಬು ಗೆರೆ, ಮೇಲೆ ರಬ್ಬರಿನ ತೆಳು ಲೇಪ. ಆ ಉಬ್ಬೂ ಒಂದು ಸ್ಪ್ರಿಂಗೇ. ಹೆಡ್ ಬಿಸಿಗೆ ಅಲುಗಿದರೂ ಅದು ಹಿಂಬಾಲಿಸುತ್ತದೆ. ಆದರೆ ಅದಕ್ಕೆ ಮೇಲ್ಮೈ ತುಂಬಾ ನಯವಾಗಿರಬೇಕು. ಸಾಮಾನ್ಯವಾಗಿ 0.75 ಮೈಕ್ರಾನ್ ಒರಟುತನಕ್ಕಿಂತ ಕಡಿಮೆ ಕೇಳುತ್ತಾರೆ. ಹಳೇ ಫೇಸಿಂಗ್ ಮಷೀನಿನಲ್ಲಿ ಗೆರೆ ಗೆರೆ ಕಾಣುವಂತೆ ಹೊಡೆದ ಹೆಡ್ ಇದಕ್ಕೆ ಆಗುವುದಿಲ್ಲ. ಮೆತ್ತನೆ ಗ್ಯಾಸ್ಕೆಟ್ಟಿಗಾಗಿ ಮಾಡಿದ ಎಂಜಿನ್ನಿಗೆ ಉಕ್ಕಿನದ್ದು ಹಾಕಬೇಕೆಂದರೆ ಮೇಲ್ಮೈ ಮೊದಲು ಸರಿಮಾಡಿಸಿ. ಇಲ್ಲದಿದ್ದರೆ ಮೂಲ ಎಂಜಿನ್ನಿನಲ್ಲಿ ಏನಿತ್ತೋ ಅದೇ ತನ್ನಿ.

ಫೇಸಿಂಗ್ ಬಗ್ಗೆ ಇನ್ನೊಂದು ಮಾತು. ನಮ್ಮಲ್ಲಿ ಹೆಡ್ ಇಳಿದರೆ ಸಾಕು, ಫೇಸಿಂಗಿಗೆ ಕಳಿಸಿಬಿಡುತ್ತಾರೆ. ಈ ಟಿಡಿಐ ಹೆಡ್ಡಿಗೆ ಫೇಸಿಂಗ್ ಮಾಡಲೇಬಾರದು ಅನ್ನುತ್ತದೆ ಕಂಪನಿ. ಹೆಡ್ಡಿನ ಮೇಲೆ ನೆಟ್ಟಗಿನ ಪಟ್ಟಿ (ಸ್ಟ್ರೈಟ್ ಎಡ್ಜ್) ಇಟ್ಟು, ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು ನೋಡಿ. 0.1 ಮಿ.ಮೀ.ಗಿಂತ ಜಾಸ್ತಿ ಬಾಗಿದ್ದರೆ ಹೆಡ್ಡೇ ಬದಲಾಯಿಸಬೇಕು. ದುಬಾರಿ ಮಾತು, ಗೊತ್ತು. ಆದರೆ ಬಾಗಿದ ಹೆಡ್ಡನ್ನು ಯಾವ ಗ್ಯಾಸ್ಕೆಟ್ಟೂ ನೆಟ್ಟಗೆ ಮಾಡುವುದಿಲ್ಲ. ಹೆಡ್ ಬಾಗದಿರಲು ಬಿಚ್ಚುವಾಗಲೇ ಜಾಗ್ರತೆ ಬೇಕು. ಎಂಜಿನ್ ಪೂರ್ತಿ ತಣ್ಣಗಾಗಲಿ. ಹೊರಗಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ.

ಹಳೇ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರಿಗೆ ಉಜ್ಜುವ ಡಿಸ್ಕ್ ಹಾಕಬೇಡಿ. ಅದರ ಪುಡಿ ಎಣ್ಣೆಗೆ ಸೇರಿ ಬೇರಿಂಗ್ ತಿನ್ನುತ್ತದೆ. ಜನರಲ್ ಮೋಟರ್ಸ್ ಇದರ ಬಗ್ಗೆ ತನ್ನ ಸರ್ವಿಸ್ ಸೆಂಟರುಗಳಿಗೆ ಎಚ್ಚರಿಕೆಯ ಪತ್ರವನ್ನೇ ಕಳಿಸಿತ್ತು. ಉಕ್ಕಿನ ಗ್ಯಾಸ್ಕೆಟ್ಟಿಗೆ ಅನಾಬಾಂಡ್, ಸಿಲಿಕೋನ್ ತರಹದ ಅಂಟು ಏನೂ ಬಳಿಯಬೇಡಿ. ಒಣ ಮೇಲ್ಮೈ ಮೇಲೆ ಹಾಗೇ ಕೂರಿಸಿ. ಇನ್ನು, ಗ್ಯಾಸ್ಕೆಟ್ಟಿನ ಕೆಲವು ನೀರಿನ ತೂತು ಹೆಡ್ಡಿನ ತೂತಿಗಿಂತ ಚಿಕ್ಕದಾಗಿರುತ್ತದೆ. ತಪ್ಪಾಗಿದೆ ಅಂತ ಯಾರೂ ಅದನ್ನು ದೊಡ್ಡದು ಮಾಡದಂತೆ ನೋಡಿಕೊಳ್ಳಿ. ಯಾವ ಸಿಲಿಂಡರಿಗೆ ಎಷ್ಟು ನೀರು ಹೋಗಬೇಕು ಅನ್ನುವುದನ್ನು ಆ ಚಿಕ್ಕ ತೂತೇ ತೀರ್ಮಾನಿಸುವುದು.

ಜೋಡಿಸಿ ಆಯಿತು, ಎಂಜಿನ್ ಓಡಿತು. "ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಬನ್ನಿ, ಇನ್ನೊಂದು ಸಲ ಟೈಟ್ ಮಾಡ್ತೀವಿ" ಅನ್ನುವವರಿದ್ದಾರೆ. ಹಳೇ ಮೆತ್ತನೆ ಗ್ಯಾಸ್ಕೆಟ್ಟಿಗೆ ಅದು ಸರಿ, ಅವು ಕೂತುಕೊಳ್ಳುತ್ತವೆ. ಡಿಗ್ರಿ ಲೆಕ್ಕದ ಬೋಲ್ಟಿಗೆ, ಪುಸ್ತಕ ಹೇಳದ ಹೊರತು, ಮತ್ತೆ ಕೈ ಹಾಕಿಸಬೇಡಿ. ಕಾರು ತರುವಾಗ ಮಾತ್ರ ಬಿಲ್ಲಿನ ಹಿಂದೆ ಮೂರು ವಿಷಯ ಬರೆಸಿಕೊಳ್ಳಿ: ಬೋಲ್ಟ್ ಹೊಸದಾ, ಗ್ಯಾಸ್ಕೆಟ್ ಎಷ್ಟು ತೂತಿನದ್ದು, ಪಿಸ್ಟನ್ ಎಷ್ಟು ಎದ್ದಿತ್ತು. ಮುಂದೆ ಯಾವ ಗ್ಯಾರೇಜಿಗೆ ಹೋದರೂ ಆ ಕಾಗದ ಬೇಕಾಗುತ್ತದೆ.