ಮಕ್ಕಳ ಜೊತೆ ಹಂಪಿ: ಮೂರು ದಿನ, ಐದೇ ಜಾಗ

[ಪರದೆಯಲ್ಲಿ: ಮಡಿಕೆಗಳಲ್ಲಿ ಸವೆದುಹೋದ ಒಂದು ಕಾಗದ]

ನಮಸ್ಕಾರ. ಈ ಕಾಗದವನ್ನು ಒಮ್ಮೆ ನೋಡಿ. ನಾಲ್ಕು ವರ್ಷಗಳ ಹಿಂದೆ ಹಂಪಿಗೆ ಹೊರಡುವ ಮುನ್ನಾದಿನ ನಮ್ಮ ಯಜಮಾನರು ಬರೆದ ಪಟ್ಟಿ ಇದು. ಒಂದೂವರೆ ದಿನಕ್ಕೆ ಹದಿನಾಲ್ಕು ಜಾಗ. ಒಂದೊಂದರ ಎದುರಿಗೂ ಗಂಟೆ, ನಿಮಿಷ. ಸಾಸಿವೆಕಾಳು ಗಣೇಶನಿಗೆ ಹತ್ತು ನಿಮಿಷ, ಬಡವಿಲಿಂಗಕ್ಕೆ ಐದು. ಮಗಳಿಗೆ ಆಗ ಐದು ವರ್ಷ, ಮಗನಿಗೆ ಎರಡು. ಐದನೆಯ ಜಾಗ ತಲುಪುವ ಹೊತ್ತಿಗೆ ಮಗ ನನ್ನ ಹೆಗಲ ಮೇಲೆ ನಿದ್ದೆ, ಮಗಳು ಚಪ್ಪಲಿ ಬಿಸಾಡಿ ನೆಲದ ಮೇಲೆ ಧರಣಿ. ಯಜಮಾನರು ಮಾತ್ರ ಆಟೋದವರ ಮುಂದೆ ನಿಂತು ‘ಇನ್ನು ಒಂಬತ್ತೇ ಬಾಕಿ’ ಎನ್ನುತ್ತಿದ್ದರು. ಊರಿಗೆ ಮರಳಿದ ಮೇಲೆ ನಮ್ಮ ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಹಂಪಿಯಲ್ಲಿ ಏನೇನು ನೋಡಿದೆ ಪುಟ್ಟಿ?’ ಎಂದು ಕೇಳಿದರು. ‘ಮೇಕೆಮರಿ ನೋಡಿದೆ ಅಜ್ಜಿ’ ಎಂದಳು. ಅಷ್ಟೇ.

ಕಳೆದ ದಸರಾ ರಜೆಯಲ್ಲಿ ಅದೇ ಹಂಪಿಗೆ ಮತ್ತೆ ಹೋದೆವು, ಈ ಸಲ ಅತ್ತೆಯವರನ್ನೂ ಕರೆದುಕೊಂಡು. ಮೂರು ದಿನ ಇದ್ದು ನೋಡಿದ್ದು ಐದೇ ಜಾಗ. ಈ ವಿಡಿಯೋ ಆ ಲೆಕ್ಕಾಚಾರದ ಬಗ್ಗೆ. ನೀವು ಬಾದಾಮಿಗೆ ಹೋಗುವವರಾದರೂ ಕಾರವಾರಕ್ಕೆ ಹೋಗುವವರಾದರೂ ಹೆಚ್ಚು ಕಡಿಮೆ ಇದೇ ಲೆಕ್ಕ ನಡೆಯುತ್ತದೆ.

[ಕ್ಯಾಲೆಂಡರ್]

ಶಾಲೆಗೆ ದೊಡ್ಡ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಂಪಿಯ ಮಟ್ಟಿಗೆ ಆ ರಜೆಯನ್ನು ಮರೆತುಬಿಡಿ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ; ಬಂಡೆಗಳು ಹಗಲೆಲ್ಲ ಹೀರಿಕೊಂಡ ಕಾವನ್ನು ಸಂಜೆ ನಿಮ್ಮ ಮುಖಕ್ಕೇ ಬಿಡುತ್ತವೆ. ದೇವಸ್ಥಾನದ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯಬೇಕಾದ ಮಗುವಿನ ಪಾದವನ್ನು ನೆನಪಿಸಿಕೊಂಡರೆ ಸಾಕು. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ದಂಡೆಯ ಪುರಂದರ ಮಂಟಪವೇ ಮುಳುಗುತ್ತದೆ, ತೆಪ್ಪದ ಸವಾರಿ ನಿಲ್ಲುತ್ತದೆ. ಮಕ್ಕಳಿಗೆ ತೆಪ್ಪದ ಆಸೆ ಹುಟ್ಟಿಸಿ ಕರೆದೊಯ್ದು ಅಲ್ಲಿ ಇಲ್ಲ ಎನ್ನುವಷ್ಟು ಕಷ್ಟ ಇನ್ನೊಂದಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ಚೆನ್ನ, ಆದರೆ ಡಿಸೆಂಬರ್ ಕೊನೆಯ ವಾರ ಜನಸಾಗರ. ದಸರಾ ರಜೆಯಲ್ಲಿ ಒಂದೆರಡು ಮಳೆ ಬಿದ್ದರೂ ಬೀಳಬಹುದು. ಕೊಡೆ ಒಯ್ದರೆ ಆಯಿತು.

[ರೈಲು ನಿಲ್ದಾಣ, ರಾತ್ರಿ]

ಬೆಂಗಳೂರಿನಿಂದ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆಗೆ ಮುಟ್ಟಿಸುತ್ತದೆ. ಕಾರಿನಲ್ಲಿ ಆರೇಳು ಗಂಟೆ ‘ಇನ್ನೂ ಎಷ್ಟು ದೂರ’ ಎಂದು ಕೇಳಿಸಿಕೊಳ್ಳುವ ಬದಲು ಮಕ್ಕಳು ಮಲಗಿರುವಾಗಲೇ ದಾರಿ ಸವೆಯುತ್ತದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ರಜೆಯ ದಿನಾಂಕ ಶಾಲೆಯ ಡೈರಿಯಲ್ಲಿ ಜೂನ್‌ನಲ್ಲೇ ಸಿಗುವುದರಿಂದ, ಆ ಅರವತ್ತನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮಕ್ಕಳ ಟಿಕೆಟ್ ವಿಚಾರದಲ್ಲಿ ಹಲವರಿಗೆ ಗೊಂದಲವಿದೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ನನ್ನ ಮಾತು ಕೇಳುವುದಾದರೆ ಬರ್ತ್ ತೆಗೆದುಕೊಳ್ಳಿ. ಆರು ವರ್ಷದ ಮಗನ ಜೊತೆ ಒಂದೇ ಬರ್ತಿನಲ್ಲಿ ಮಲಗಿ ಉಳಿಸಿದ ದುಡ್ಡು ಮರುದಿನ ಸೊಂಟಕ್ಕೆ ಹಚ್ಚುವ ಮುಲಾಮಿಗೆ ಹೋಗುತ್ತದೆ.

ಇನ್ನೊಂದು ವಿಷಯ. ರೈಲು ಬೆಳಿಗ್ಗೆ ಇಳಿಸುತ್ತದೆ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ. ನಡುವಿನ ಐದು ಗಂಟೆ ಸ್ನಾನವಿಲ್ಲದ ಇಬ್ಬರು ಮಕ್ಕಳು, ನಾಲ್ಕು ಚೀಲ, ಮಂಡಿನೋವಿನ ಅತ್ತೆ. ಬುಕ್ ಮಾಡುವಾಗಲೇ ಫೋನ್ ಮಾಡಿ, ಬೆಳಿಗ್ಗೆಯೇ ಕೋಣೆ ಸಿಗುವುದೇ ಎಂದು ಕೇಳಿ. ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಡಿ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್. ನಾವು ಸ್ಮಾರಕಗಳಿಗೆ ಇನ್ನೂ ಹತ್ತಿರದ ಕಮಲಾಪುರದಲ್ಲಿ ಉಳಿದೆವು. ಕಾರಣ ಒಂದೇ: ಮಧ್ಯಾಹ್ನ ಕೋಣೆಗೆ ವಾಪಸು ಬರಬೇಕಿತ್ತು.

[ಗಡಿಯಾರದ ಚಿತ್ರ]

ಲೆಕ್ಕಾಚಾರದ ಜೀವಾಳ ಇಲ್ಲಿದೆ. ಬೆಳಿಗ್ಗೆ ಏಳರಿಂದ ಹತ್ತೂವರೆ ಹೊರಗೆ. ಹನ್ನೊಂದರಿಂದ ನಾಲ್ಕು ಕೋಣೆಯಲ್ಲಿ: ಊಟ, ನಿದ್ದೆ, ಏನೂ ಮಾಡದೆ ಬಿದ್ದುಕೊಳ್ಳುವುದು. ನಾಲ್ಕರಿಂದ ಕತ್ತಲಾಗುವವರೆಗೆ ಮತ್ತೆ ಹೊರಗೆ. ಒಂದು ಹೊತ್ತಿಗೆ ಒಂದು ಕಡೆ. ‘ಅಷ್ಟು ದೂರ ಹೋಗಿ ಮಧ್ಯಾಹ್ನ ಮಲಗುವುದೇ’ ಎಂದು ಯಜಮಾನರು ಗೊಣಗಿದರು. ಮೊದಲ ದಿನ ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವರು ಅವರೇ.

ಒಂದು ಪುಟ್ಟ ಉದಾಹರಣೆ ಕೊಡುತ್ತೇನೆ. ವಿಠ್ಠಲ ದೇವಾಲಯ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಮೂರಕ್ಕೂ ಪುರಾತತ್ವ ಇಲಾಖೆಯ ಟಿಕೆಟ್ ಒಂದೇ. ಭಾರತೀಯರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಆದರೆ ಅದು ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ಈ ನಲವತ್ತು ರೂಪಾಯಿ ಉಳಿಸುವುದಕ್ಕೆಂದೇ ಎಷ್ಟೋ ಕುಟುಂಬಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳನ್ನು ಎಳೆದುಕೊಂಡು ಓಡುತ್ತವೆ. ನಾವು ಎರಡನೆಯ ದಿನ ಒಮ್ಮೆ, ಮೂರನೆಯ ದಿನ ಒಮ್ಮೆ ಟಿಕೆಟ್ ತೆಗೆದುಕೊಂಡೆವು. ಮೂವರು ದೊಡ್ಡವರಿಗೆ ಹೆಚ್ಚಾಗಿದ್ದು 120 ರೂಪಾಯಿ.

[ಮೇಜಿನ ಮೇಲೆ ಖಾಲಿ ಬೂಟಿನ ಪೆಟ್ಟಿಗೆ]

ಹೊರಡುವ ಹಿಂದಿನ ಭಾನುವಾರ ಮನೆಯಲ್ಲೇ ಒಂದು ಕೆಲಸ ಮಾಡಿದೆವು. ಬೂಟಿನ ಪೆಟ್ಟಿಗೆಯ ಒಂದು ಬದಿಗೆ ಗುಂಡುಸೂಜಿಯಲ್ಲಿ ತೂತು. ಎದುರು ಬದಿಯನ್ನು ಚೌಕಾಕಾರವಾಗಿ ಕತ್ತರಿಸಿ ಅಲ್ಲಿ ಟ್ರೇಸಿಂಗ್ ಕಾಗದ ಅಂಟಿಸಿದೆವು. ಕೋಣೆ ಕತ್ತಲು ಮಾಡಿ, ತೂತಿನ ಎದುರು ಮೇಣದಬತ್ತಿ ಹಚ್ಚಿಟ್ಟು ಕಾಗದದ ಕಡೆಯಿಂದ ನೋಡಿದರೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಜ್ವಾಲೆಯ ತುದಿಯಿಂದ ಹೊರಟದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಮಗ ಪೆಟ್ಟಿಗೆಯನ್ನೇ ತಲೆಕೆಳಗು ಮಾಡಿ ಹಿಡಿದ. ಜ್ವಾಲೆ ಆಗಲೂ ತಲೆಕೆಳಗೇ. ಅರ್ಧ ಗಂಟೆ ಅದೇ ಜಗಳ.

[ವಿರೂಪಾಕ್ಷ ದೇವಾಲಯದ ಗೋಪುರ]

ಮೊದಲ ದಿನ ನಾವು ನೋಡಿದ್ದು ವಿರೂಪಾಕ್ಷ ದೇವಾಲಯ ಒಂದನ್ನೇ. ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲ ಕೋಣೆ ಇದೆ, ಗೋಡೆಯಲ್ಲಿ ಸಣ್ಣ ಕಿಂಡಿ. ಪೂರ್ವದ ಒಂಬತ್ತು ಅಂತಸ್ತಿನ ರಾಜಗೋಪುರ ಆ ಕಿಂಡಿಯ ಮೂಲಕ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬಹುತೇಕ ಮಕ್ಕಳು ಒಮ್ಮೆ ನೋಡಿ ‘ಹೂಂ’ ಎಂದು ಹೊರಗೆ ಓಡುತ್ತಾರೆ. ನಮ್ಮ ಮಗಳು ಅಲ್ಲೇ ನಿಂತು, ಹಿಂದೆ ಬಂದ ಕುಟುಂಬದವರಿಗೆ ಕೈ ಬೀಸಿ ಬೀಸಿ ‘ಇದು ಬೂಟಿನ ಪೆಟ್ಟಿಗೆ ಅಂಕಲ್, ನಾವು ಈಗ ಪೆಟ್ಟಿಗೆಯ ಒಳಗೆ ನಿಂತಿದ್ದೇವೆ’ ಎಂದು ವಿವರಿಸಿದಳು. ಅವರಿಗೆ ಏನೂ ಅರ್ಥವಾಗಲಿಲ್ಲ. ಅದು ಬೇರೆ ಮಾತು.

ಅಲ್ಲಿನ ಆನೆ ಲಕ್ಷ್ಮಿ ಬೆಳಿಗ್ಗೆ ನದಿಗೆ ಸ್ನಾನಕ್ಕೆ ಹೋಗುವುದನ್ನು ನೋಡಬೇಕೆಂದರೆ ಬೇಗ ಎದ್ದು ಮೆಟ್ಟಿಲುಗಳ ಬಳಿ ಕಾಯಬೇಕು. ನಾವು ತಡವಾಗಿ ಹೋಗಿ ಒದ್ದೆ ಹೆಜ್ಜೆಗುರುತು ನೋಡಿ ಬಂದೆವು.

[ಐವತ್ತು ರೂಪಾಯಿ ನೋಟು, ಹತ್ತಿರದಿಂದ]

ಎರಡನೆಯ ದಿನ ವಿಠ್ಠಲ ದೇವಾಲಯ. ಮಗನ ಜೇಬಿಗೆ ಒಂದು ಹೊಸ ಐವತ್ತರ ನೋಟು ಹಾಕಿ, ‘ಇದರ ಹಿಂದೆ ಇರುವ ರಥವನ್ನು ಹುಡುಕಿ ಕೊಡುವುದು ನಿನ್ನ ಕೆಲಸ’ ಎಂದೆವು. ಗೆಜ್ಜಲ ಮಂಟಪದ ಹತ್ತಿರ ಗಾಡಿ ನಿಲ್ಲಿಸಿ ಮುಂದೆ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ವಾಹನದಲ್ಲಿ ಹೋಗಬೇಕು. ಅದನ್ನು ಓಡಿಸುವವರು ಮಹಿಳೆಯರು. ಅತ್ತೆಯವರಿಗೆ ರಥಕ್ಕಿಂತ ಅದೇ ಹೆಚ್ಚು ಹಿಡಿಸಿತು.

ಕಲ್ಲಿನ ರಥದ ಮುಂದೆ ಈಗ ಎರಡು ಆನೆಗಳಿವೆ. ಆದರೆ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲದ ಅವಶೇಷ ಕಾಣುತ್ತದೆ. ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಇಸವಿ, ರಾಜರ ಹೆಸರು ಹೇಳಿದರೆ ಆಕಳಿಸುವ ಮಗು ‘ಇಲ್ಲಿ ಏನು ಕಳೆದುಹೋಗಿದೆ, ಹುಡುಕು’ ಎಂದರೆ ಪತ್ತೇದಾರನಾಗುತ್ತದೆ. ರಥದ ಸುತ್ತ ತಡೆ ಹಾಕಿದ್ದಾರೆ. ಸಂಗೀತ ಕಂಬಗಳನ್ನೂ ತಟ್ಟುವಂತಿಲ್ಲ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆದೊಯ್ಯಿರಿ, ಅಲ್ಲಿ ಹೋಗಿ ಗದರಿಸಬೇಡಿ.

ಸಂಜೆ ದರೋಜಿ ಕರಡಿಧಾಮ. ಬಂಡೆಗಳಿಗೆ ಸಿಹಿ ಲೇಪ ಹಚ್ಚಿರುತ್ತಾರೆ; ಇಳಿಬಿಸಿಲಿಗೆ ಕರಡಿಗಳು ಗುಹೆ ಬಿಟ್ಟು ನೆಕ್ಕಲು ಬರುತ್ತವೆ, ನಾವು ವೀಕ್ಷಣಾ ಗೋಪುರದಿಂದ ನೋಡಬೇಕು. ದೂರದಲ್ಲಿ ಕರಿಚುಕ್ಕೆಯಂತೆ ಕಾಣುವುದರಿಂದ ದುರ್ಬೀನು ಇಲ್ಲದೆ ಹೋದರೆ ಮಕ್ಕಳು ಹತ್ತು ನಿಮಿಷಕ್ಕೆ ಬೇಸರಪಡುತ್ತಾರೆ.

[ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ]

ಊಟದ ಬಗ್ಗೆ ಎರಡು ಮಾತು. ಆ ಕಡೆಯ ಬೆಳಗಿನ ತಿಂಡಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ದೊಡ್ಡವರಿಗೆ ಸ್ವರ್ಗ, ಮಕ್ಕಳ ನಾಲಿಗೆಗೆ ಬೆಂಕಿ. ಹಸಿಮೆಣಸಿನಕಾಯಿ ಕಡಿಮೆ ಹಾಕಿ ಎಂದು ಕೇಳಿದರೆ ಮಾಡಿಕೊಡುತ್ತಾರೆ. ಎಲ್ಲಿ ಹೋದರೂ ಮೊಸರನ್ನ ಸಿಗುತ್ತದೆ, ಹೆದರಬೇಡಿ. ಹೆದರಬೇಕಾದದ್ದು ಕೋತಿಗಳಿಗೆ. ಮಗನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಒಂದು ಕೋತಿ ಎಷ್ಟು ನಯವಾಗಿ ತೆಗೆದುಕೊಂಡಿತೆಂದರೆ, ಅವನು ‘ಥ್ಯಾಂಕ್ಯೂ’ ಎಂದುಬಿಟ್ಟ. ಕಿಷ್ಕಿಂಧೆ ಇದೇ ಸೀಮೆ ಎನ್ನುತ್ತಾರೆ, ಅದು ಅವುಗಳ ಊರು. ತಿನ್ನುವ ಪದಾರ್ಥ ಹೊರಗೆ ಕಾಣದಂತೆ ಚೀಲದೊಳಗೆ ಇರಲಿ. ನೀರು, ಟೋಪಿ, ಓಆರ್‌ಎಸ್ ಪೊಟ್ಟಣ, ಮಕ್ಕಳ ವೈದ್ಯರು ಹೇಳಿದ ಜ್ವರದ ಔಷಧ, ಒಂದು ಜೊತೆ ಹೆಚ್ಚುವರಿ ಬಟ್ಟೆ. ಉಳಿದದ್ದು ಹೊಸಪೇಟೆಯಲ್ಲಿ ಸಿಗುತ್ತದೆ.

[ಹಜಾರ ರಾಮ ದೇವಾಲಯದ ಗೋಡೆ]

ಮೂರನೆಯ ದಿನ ಬೆಳಿಗ್ಗೆ ಮಾತ್ರ ನಿಯಮ ಮುರಿದು ಎರಡು ಕಡೆ ಹೋದೆವು, ಏಕೆಂದರೆ ಎರಡೂ ಹತ್ತಿರ ಹತ್ತಿರ. ಹಜಾರ ರಾಮ ದೇವಾಲಯದ ಗೋಡೆಯ ಮೇಲೆ ರಾಮಾಯಣವನ್ನು ಸಾಲು ಸಾಲಾಗಿ ಕೆತ್ತಿದ್ದಾರೆ. ಕಥೆ ಗೊತ್ತಿರುವ ಮಗು ತಾನೇ ಓದಿಕೊಂಡು ಹೋಗುತ್ತದೆ; ಅತ್ತೆಯವರು ಒಂದೊಂದು ಚಿತ್ರಕ್ಕೂ ಕಥೆ ಹೇಳುತ್ತಾ ಹೋದರು, ನಾವಿಬ್ಬರು ನೆರಳಿನಲ್ಲಿ ಕುಳಿತೆವು. ಆಮೇಲೆ ಆನೆಲಾಯ, ಹನ್ನೊಂದು ಗುಮ್ಮಟದ ಸಾಲು. ಮಗಳು ಮೇಕೆಮರಿಯನ್ನು ಹುಡುಕಿದಳು, ಸಿಗಲಿಲ್ಲ.

ಸಂಜೆಗೆ ವಸ್ತುಸಂಗ್ರಹಾಲಯದಲ್ಲಿರುವ ಹಂಪಿಯ ಮಾದರಿಯನ್ನು ನೋಡಿ, ರಾತ್ರಿ ರೈಲು ಹತ್ತುವುದು ಎಂದಿತ್ತು. ಶುಕ್ರವಾರ ಅಲ್ಲಿಗೆ ರಜೆ, ಅದನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದೆವು. ಅದಕ್ಕೂ ಮೊದಲು ಬಾಳೆಹಣ್ಣು ಕೊಳ್ಳಲೆಂದು ವಿರೂಪಾಕ್ಷ ಬೀದಿಯಲ್ಲಿ ಇಳಿದಾಗ ಅತ್ತೆ ಒಂದು ಮಂಟಪದ ಕಲ್ಲುಹಾಸಿನ ಮೇಲೆ ಕುಳಿತರು. ಕುಳಿತವರು ಸೆರಗಿನಿಂದ ನೆಲದ ದೂಳು ಒರೆಸಿ, ‘ಇಲ್ಲಿ ನೋಡು ಪುಟ್ಟಿ’ ಎಂದರು. ಕಲ್ಲಿನಲ್ಲಿ ಗೆರೆ ಕೊರೆದಿತ್ತು, ಹಿಂದಿನ ಎರಡು ಮಧ್ಯಾಹ್ನ ಕೋಣೆಯಲ್ಲಿ ಅವರು ಸೀಮೆಸುಣ್ಣದಲ್ಲಿ ಬರೆದು ಮೊಮ್ಮಕ್ಕಳಿಗೆ ಕಲಿಸಿದ್ದ ಹುಲಿ-ಕುರಿ ಆಟದ ಮನೆಯಂತೆಯೇ. ಹಂಪಿಯ ಕಲ್ಲುಹಾಸುಗಳ ಮೇಲೆ ಇಂಥ ಆಟದ ಮನೆಗಳು ಅಲ್ಲಲ್ಲಿ ಇವೆ. ಯಾರೋ ಯಾವಾಗಲೋ ಹೊತ್ತು ಹೋಗದೆ ಕೊರೆದವು. ಮಗ ಕಲ್ಲಿನ ಚೂರು ಆರಿಸಿ ತಂದ. ಮಗಳು ಹುಲಿ, ಅಜ್ಜಿ ಕುರಿ.

ಯಜಮಾನರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಎಲ್ಲರಿಗೂ ಚಹಾ ತರಲು ಹೋದರು. ಮಾದರಿ ನೋಡುವುದು ಬಾಕಿ ಉಳಿದಿದೆ.