ಬಹುಮಾನದ ಚೀಟಿಯಲ್ಲಿ ಯಾರ ಹೆಸರು?

ಈಗ ನೀವು ನೋಡುತ್ತಿರುವುದು ತುಮಕೂರಿನ ಸಿದ್ಧಗಂಗಾ ಮಠದ ದನಗಳ ಜಾತ್ರೆ. ಶಿವರಾತ್ರಿಯ ಆಸುಪಾಸಿನಲ್ಲಿ ಹಳ್ಳಿಕಾರ್ ತಳಿಯ ಹೋರಿಗಳ ಜೋಡಿಗಳು ಇಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಜೊತೆಯಲ್ಲೇ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ನಡೆಯುತ್ತದೆ. ಕೋಲಾರದ ಕಡೆ ಆವಣಿಯಲ್ಲೂ, ಚಿಕ್ಕಬಳ್ಳಾಪುರದ ನಂದಿಯಲ್ಲೂ ಇದೇ ಸಮಯಕ್ಕೆ ದನ ಕಟ್ಟುತ್ತಾರೆ. ಈ ಸಾಲುಗಳ ನಡುವೆ ನಡೆಯುವಾಗ ನನ್ನನ್ನು ಕಾಡಿದ ಪ್ರಶ್ನೆಯೇ ಈ ಸಂಚಿಕೆಯ ವಿಷಯ: ಕೃಷಿ ಪ್ರದರ್ಶನಗಳು ದುಡಿಮೆಯ ಫಲವನ್ನು ಇಷ್ಟು ಅಂದವಾಗಿ ತೋರಿಸುತ್ತವೆ, ಆದರೆ ದುಡಿದವರನ್ನು ಹೇಗೆ ತೋರಿಸುತ್ತ ಬಂದಿವೆ?

ಈ ಜೋಡಿಯನ್ನೇ ಗಮನಿಸಿ. ಕೊಳ್ಳಲು ಬಂದವರು ವಯಸ್ಸು ತಿಳಿಯಲು ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಎಂದು ನೋಡುತ್ತಾರೆ. ಸುಳಿ ಹುಡುಕುತ್ತಾರೆ, ಗೊರಸು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಬೆಲೆಯ ಮಾತು ಟವೆಲಿನ ಕೆಳಗೆ ಬೆರಳುಗಳಲ್ಲೇ ಮುಗಿಯುತ್ತದೆ. ಹೋರಿಯ ಮೈಮೇಲಿನ ಆ ಹೊಳಪು ಮಾತ್ರ ದಿನವೂ ಹುರುಳಿ ಬೇಯಿಸಿಟ್ಟವರ, ಬದುವಿನ ಹುಲ್ಲು ಕೊಯ್ದು ಹೊತ್ತು ತಂದವರ, ಬೆಳಗಿನ ಜಾವ ಕೊಟ್ಟಿಗೆಯ ಸಗಣಿ ಬಾಚಿದವರ ಕೆಲಸ. ಅವರಲ್ಲಿ ಹೆಚ್ಚಿನವರು ಮನೆಯ ಹೆಂಗಸರು, ಇಲ್ಲವೇ ಆಳುಗಳು. ಬಹುಮಾನ ಬಂದರೆ ವೇದಿಕೆಯಲ್ಲಿ ಕೂಗುವುದು ಮಾಲೀಕರ ಹೆಸರನ್ನು.

ಇದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ 1838ರಲ್ಲಿ ಹುಟ್ಟಿ, ಮರುವರ್ಷ ಆಕ್ಸ್‌ಫರ್ಡಿನಲ್ಲಿ ತನ್ನ ಮೊದಲ ಪ್ರದರ್ಶನ ನಡೆಸಿತು. ಅಲ್ಲಿನ ಜಮೀನ್ದಾರರ ಕೃಷಿ ಸಂಘಗಳು ಆ ಕಾಲದಲ್ಲಿ ಕೂಲಿಯಾಳುಗಳಿಗೂ ಬಹುಮಾನ ಕೊಡುತ್ತಿದ್ದವು ಎಂದು ಓದಿದಾಗ ಮೊದಲು ಸಂತೋಷವಾಯಿತು, ಆ ಬಹುಮಾನಗಳು ಯಾವುದಕ್ಕೆ ಎಂದು ತಿಳಿದ ಮೇಲೆ ಅದು ಉಳಿಯಲಿಲ್ಲ. ಒಬ್ಬನೇ ಒಡೆಯನ ಬಳಿ ಅತಿ ಹೆಚ್ಚು ವರ್ಷ ದುಡಿದವನಿಗೆ ಒಂದು. ಬಡವರಿಗೆಂದು ಇದ್ದ ಪರಿಹಾರದ ಹಣವನ್ನು ಕೇಳದೆ ಅತಿ ಹೆಚ್ಚು ಮಕ್ಕಳನ್ನು ಸಾಕಿದವನಿಗೆ ಇನ್ನೊಂದು. ಹೋರಿಯ ತಳಿಯನ್ನು ಅಳೆದ ಸಭೆಯಲ್ಲೇ ಆಳಿನ ವಿಧೇಯತೆಯನ್ನೂ ಅಳೆದರು. ಅವನ ಕೈಯಲ್ಲಿದ್ದ ವಿದ್ಯೆಗೆ ಅಲ್ಲಿ ಬೆಲೆ ಇರಲಿಲ್ಲ.

ಆದರೆ ಅದೇ ಕಾಲದ ಉಳುಮೆ ಸ್ಪರ್ಧೆಗಳನ್ನು ನಾನು ಬೇರೆಯಾಗಿಯೇ ಎಣಿಸುತ್ತೇನೆ. ಅಲ್ಲಿ ನೇಗಿಲು ಹಿಡಿದವನೇ ಕಣದಲ್ಲಿರುತ್ತಿದ್ದ. ಸಾಲು ನೆಟ್ಟಗಿದೆಯೇ, ಆಳ ಒಂದೇ ಸಮನಾಗಿದೆಯೇ, ಮಣ್ಣು ಸರಿಯಾಗಿ ಮಗುಚಿ ಬಿದ್ದಿದೆಯೇ ಎಂದು ಬಲ್ಲವರು ನೋಡಿ ತೀರ್ಪು ಕೊಡುತ್ತಿದ್ದರು. ದುಡಿಮೆಯನ್ನು ಕೌಶಲವೆಂದು ಒಪ್ಪಿಕೊಂಡು ತೂಗಿದ ಪ್ರದರ್ಶನವೆಂದರೆ ಅದು. 1953ರಲ್ಲಿ ಕೆನಡಾದಲ್ಲಿ ಶುರುವಾದ ವಿಶ್ವ ಉಳುಮೆ ಸ್ಪರ್ಧೆಯಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ, ಟ್ರ್ಯಾಕ್ಟರಿನ ಮೇಲೆ ಕುಳಿತಾದರೂ.

ಮನುಷ್ಯರನ್ನೇ ಪ್ರದರ್ಶನಕ್ಕೆ ಇಟ್ಟದ್ದೂ ಉಂಟು. 1886ರಲ್ಲಿ ಲಂಡನ್ನಿನ ವಸಾಹತು ಮತ್ತು ಭಾರತೀಯ ವಸ್ತುಪ್ರದರ್ಶನದಲ್ಲಿ ನಮ್ಮ ದೇಶದ ಕುಶಲಕರ್ಮಿಗಳನ್ನು ಕೂರಿಸಿ, ನೋಡಲು ಬಂದವರ ಕಣ್ಣೆದುರೇ ನೇಯುವ, ಮಡಕೆ ಮಾಡುವ ಕೆಲಸ ಮಾಡಿಸಿದರು. ವಂಶಪಾರಂಪರ್ಯದ ಹಳ್ಳಿಯ ಕಸುಬುದಾರರು ಎಂದು ಪರಿಚಯಿಸಿದ ಅವರಲ್ಲಿ ಹಲವರು ಆಗ್ರಾದ ಜೈಲಿನಲ್ಲಿ ಆ ಕೆಲಸ ಕಲಿತ ಕೈದಿಗಳಾಗಿದ್ದರು. ಆ ಮೇಲೆ ಸೋವಿಯತ್ ಸರ್ಕಾರ 1939ರಲ್ಲಿ ಮಾಸ್ಕೋದಲ್ಲಿ ತೆರೆದ ಬೃಹತ್ ಕೃಷಿ ಪ್ರದರ್ಶನದ ಹೆಬ್ಬಾಗಿಲ ಬಳಿ ಸುತ್ತಿಗೆ ಹಿಡಿದ ಕಾರ್ಮಿಕ, ಕುಡುಗೋಲು ಹಿಡಿದ ರೈತ ಮಹಿಳೆಯ ಉಕ್ಕಿನ ಪ್ರತಿಮೆಯನ್ನು ನಿಲ್ಲಿಸಿತು. ಸಾಮೂಹಿಕ ಬೇಸಾಯವನ್ನು ಹೇರಿದ ವರ್ಷಗಳಲ್ಲಿ ಹಳ್ಳಿಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದನ್ನು ಆ ಪ್ರತಿಮೆ ಹೇಳಲಿಲ್ಲ.

ಈಗಿನ ನಮ್ಮ ಕೃಷಿ ಮೇಳಗಳಲ್ಲಿ ಜನ ಹೆಚ್ಚು ಮುತ್ತಿಕೊಳ್ಳುವುದು ಯಂತ್ರಗಳ ಮಳಿಗೆಯನ್ನು. ಇಷ್ಟು ಆಳಿನ ಕೆಲಸ ಇಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂಬುದೇ ಅಲ್ಲಿನ ವಿವರಣೆ. ಕಳೆ ತೆಗೆಯುವ ಯಂತ್ರ ಬಗ್ಗಿದ ಬೆನ್ನಿಗೆ ಬಿಡುವು ಕೊಡುವುದಾದರೆ ಅದು ಬರಲೇಬೇಕು ಎನ್ನುವವನು ನಾನು; ಆ ಬೆನ್ನು ಯಾರದು ಎಂಬುದನ್ನೂ ಮಳಿಗೆ ಹೇಳಲಿ ಎಂಬುದಷ್ಟೇ ನನ್ನ ಒತ್ತಾಯ.

ರೇಷ್ಮೆಯ ಮಳಿಗೆಯಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಚಂದ್ರಿಕೆಯಲ್ಲಿ, ಅಂದರೆ ಹುಳು ಗೂಡು ಕಟ್ಟಲೆಂದು ಹೆಣೆದ ತಟ್ಟಿಯಲ್ಲಿ, ಗೂಡು ಕಟ್ಟುತ್ತಿರುವ ಹುಳುಗಳನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಶಿಡ್ಲಘಟ್ಟದ ಕಡೆಯ ಯಾವುದೇ ಹುಳು ಸಾಕುವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ, ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಕಳೆದು ಎದ್ದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಆ ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಆ ದಿನಗಳಲ್ಲಿ ಮನೆಯವರಿಗೆ ಸರಿಯಾದ ಊಟವಿಲ್ಲ, ನಿದ್ದೆಯಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡುವ ಕೈಗಳು, ಆಮೇಲೆ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಚರ್ಮ ಸುಲಿದುಹೋದ, ನೂಲು ಬಿಚ್ಚುವ ರೀಲಿಂಗ್ ಕೆಲಸಗಾರರ ಬೆರಳುಗಳು, ಯಾವ ಫಲಕದಲ್ಲೂ ನನಗೆ ಕಾಣಲಿಲ್ಲ.

ಜಾತ್ರೆ ಸಮಿತಿಗಳಲ್ಲಿ ಇರುವವರು ಈ ವಿಡಿಯೊ ನೋಡುತ್ತಿದ್ದರೆ ಎರಡು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಹೋರಿಯ ಬಹುಮಾನದ ಚೀಟಿಯಲ್ಲಿ ಮಾಲೀಕರ ಹೆಸರಿನ ಕೆಳಗೆ ಸಾಕಿದವರ ಹೆಸರನ್ನೂ ಬರೆಯಿಸಿ. ಇನ್ನೊಂದು, ತುಮಕೂರಿನ ಹುಣಸೆಹಣ್ಣಿನ ಮಾರುಕಟ್ಟೆ ದೂರದವರೆಗೂ ಹೆಸರಾದದ್ದು, ಶಿವರಾತ್ರಿಯ ಹೊತ್ತಿಗೆ ಹುಣಸೆಯ ಸುಗ್ಗಿಯೂ ನಡೆದಿರುತ್ತದೆ. ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆಯುವ ಹೆಂಗಸರಿಗಾಗಿ ಒಂದು ಸ್ಪರ್ಧೆ ಇಡಿ. ಎಷ್ಟು ಹಣ್ಣು ಬಿಡಿಸಿದರು, ಹಣ್ಣು ಎಷ್ಟು ಮುರಿಯದೆ ಉಳಿಯಿತು, ನಾರು ಎಷ್ಟು ಚೊಕ್ಕಟವಾಗಿ ಬಂತು ಎಂದು ನೋಡಿ ತೀರ್ಪು ಕೊಡಲು ಅದೇ ಕೆಲಸದಲ್ಲಿ ಪಳಗಿದ ಹಿರಿಯ ಹೆಂಗಸರನ್ನೇ ಕೂರಿಸಿ. ಸ್ಪರ್ಧೆಗೆ ಬಂದವರಿಗೆಲ್ಲ ಆ ದಿನದ ಕೂಲಿಯನ್ನು ಸಮಿತಿಯಿಂದಲೇ ಕೊಡಿ, ಇಲ್ಲವಾದರೆ ಅವರು ಬರಲಾರರು.